ಗಾಬ್ಲಿನ್ ತಲೆಯೂ, ಗುಟ್ಟಿನ ಗಂಟೂ

ಕಳೆದ ತಿಂಗಳು ಊರಿಂದ ಅಮ್ಮ ಬಂದಿದ್ದರು. ಚೀಲ ಕೆಳಗಿಡುವ ಮೊದಲೇ ಅವರ ಕಣ್ಣು ನನ್ನ ಮೇಜಿನ ಮೇಲೆ ಕೂತಿದ್ದ ತಲೆಯ ಮೇಲೆ ಬಿತ್ತು.

"ಏನೋ ಇದು, ದೃಷ್ಟಿಗೊಂಬೆನಾ? ಹೊರಗೆ ಕಟ್ಟೋದನ್ನ ಒಳಗಿಟ್ಕೊಂಡು ಕೂತಿದೀಯಲ್ಲ!"

"ದೃಷ್ಟಿಗೊಂಬೆ ಅಲ್ಲಮ್ಮ, ಗಾಬ್ಲಿನ್ ಅಂತ. ಇಂಗ್ಲಿಷ್ ಕಥೆಗಳಲ್ಲಿ ಬರೋ ಒಂದು ಜಾತಿ ಕುಳ್ಳ ದೆವ್ವ. ನಾನೇ ಮಾಡಿದ್ದು."

ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಬಾಯಿ ಥೇಟ್ ನಿಮ್ಮ ತಾತನ ಥರಾನೇ ಇದೆ" ಅಂದರು.

ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಾಗಿರಲಿಲ್ಲ :) ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲೇ ಒಪ್ಪಿಕೊಂಡುಬಿಡ್ತೀನಿ, ನಾನು ಶಿಲ್ಪಿ ಅಲ್ಲ. ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಸಾಫ್ಟ್‌ವೇರು. ಸಿನಿಮಾಗಳಲ್ಲಿ ರಾಕ್ಷಸರನ್ನು, ವಿಚಿತ್ರ ಪ್ರಾಣಿಗಳನ್ನು ಮಾಡುವ ಸ್ಪೆಷಲ್ ಎಫೆಕ್ಟ್ಸ್ ಕಲಾವಿದರ ಹುಚ್ಚು ಮಾತ್ರ ಕಾಲೇಜಿನಿಂದಲೂ ಇದೆ. ಎರಡು ವರ್ಷದ ಹಿಂದೆ ಅವರದೇ ವಿಧಾನದಲ್ಲಿ ಎದೆಯವರೆಗಿನ ಒಂದು ಗಾಬ್ಲಿನ್ ಮೂರ್ತಿ ಮಾಡಬೇಕು ಅಂತ ಕೂತೆ. ಈ ಬರಹ ಅರ್ಧ ಆ ಮೂರ್ತಿಯ ಬಗ್ಗೆ, ಇನ್ನರ್ಧ ಗೊತ್ತಿರೋದನ್ನು ಗಂಟು ಕಟ್ಟಿ ಬಚ್ಚಿಡುವ ನಮ್ಮ ಚಾಳಿಯ ಬಗ್ಗೆ. ಕೊನೆಯಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ.

*

ಈಗ ಮೇಜಿನ ಮೇಲಿರುವುದು ಎರಡನೆಯ ಗಾಬ್ಲಿನ್. ಮೊದಲನೆಯದು ಸತ್ತುಹೋಯಿತು. ಅದು ಸತ್ತ ಕಥೆಯಿಂದಲೇ ಶುರುಮಾಡ್ತೀನಿ.

ಈ ಕೆಲಸದ ಕ್ರಮ ಗೊತ್ತಿಲ್ಲದವರಿಗೆ ಎರಡೇ ಮಾತಿನಲ್ಲಿ ಹೇಳುವುದಾದರೆ: ಮೊದಲು ಎಣ್ಣೆಜೇಡಿಯಲ್ಲಿ, ಅಂದರೆ ಮೇಣ ಮತ್ತು ಎಣ್ಣೆ ಬೆರೆಸಿದ, ಎಂದೂ ಒಣಗದ ಜೇಡಿಮಣ್ಣಿನಲ್ಲಿ ಮೂರ್ತಿ ಮಾಡಬೇಕು. ಅದರ ಮೇಲೆ ಸಿಲಿಕೋನ್ ರಬ್ಬರ್ ಬಳಿದು ಅಚ್ಚು ತೆಗೆಯಬೇಕು. ಆ ಅಚ್ಚಿನೊಳಗೆ ರೆಸಿನ್ ಎರಕ ಹೊಯ್ದರೆ ಗಟ್ಟಿಯಾದ ಮೂರ್ತಿ ಸಿಗುತ್ತದೆ. ಅಚ್ಚು ಬಿಡಿಸುವಾಗ ಜೇಡಿಯ ಮೂಲ ಮೂರ್ತಿ ಸಾಮಾನ್ಯವಾಗಿ ಹಾಳಾಗುತ್ತದೆ. ಅಂದರೆ ಅಚ್ಚು ಸರಿಬಂದರೆ ಎಲ್ಲವೂ ಬಂತು, ಅಚ್ಚು ಕೆಟ್ಟರೆ ಎಲ್ಲವೂ ಹೋಯ್ತು. ಬ್ಯಾಕಪ್ ಇಲ್ಲದ ಸರ್ವರ್ ಇದ್ದ ಹಾಗೆ.

ನಾನು ಮೂರು ತಿಂಗಳ ಶನಿವಾರ, ಭಾನುವಾರಗಳನ್ನು ಸುರಿದು ಜೇಡಿಯ ಗಾಬ್ಲಿನ್ ಮುಗಿಸಿದೆ. ಹೆಸರಿಲ್ಲದ, ಬೂದುಬಣ್ಣದ, ಅಗ್ಗದ ಜೇಡಿ. ದುಬಾರಿ ಪ್ಲಾಟಿನಂ ಸಿಲಿಕೋನ್ ತಂದೆ. ಅಚ್ಚು ಮಾಡುವ ಮೊದಲು, ಇದೇ ವೃತ್ತಿಯಲ್ಲಿ ಇರುವವರೊಬ್ಬರನ್ನು ಹೇಗೋ ಪರಿಚಯ ಮಾಡಿಕೊಂಡು ಕೇಳಿದೆ. ಮಾಡಿದ್ದರ ಫೋಟೋ ತೋರಿಸಿದೆ, ಯಾವ ಜೇಡಿ, ಯಾವ ಸಿಲಿಕೋನ್ ಅಂತಲೂ ಹೇಳಿದೆ. "ಸರ್, ಅಚ್ಚು ಮಾಡುವಾಗ ಏನಾದರೂ ಎಚ್ಚರ ವಹಿಸಬೇಕಾ?" ಅಂದೆ. ಅವರು ನಕ್ಕು, "ಅದೆಲ್ಲಾ ಅನುಭವದಿಂದ ಬರುತ್ತೆ" ಅಂದರು.

ಬಂತು ನೋಡಿ ಅನುಭವ! ಮರುದಿನ ಬೆಳಿಗ್ಗೆ ನೋಡಿದರೆ ಸಿಲಿಕೋನ್ ಗಟ್ಟಿಯಾಗಿರಲೇ ಇಲ್ಲ. ಹೊರಪದರವೇನೋ ರಬ್ಬರಾಗಿತ್ತು. ಆದರೆ ಜೇಡಿಗೆ ತಾಗಿದ್ದ ಒಳಪದರ, ಅಂದರೆ ನಿಜವಾಗಿ ಬೇಕಾಗಿದ್ದ ಪದರ, ಹಲಸಿನ ಮೇಣದ ಹಾಗೆ ಅಂಟಂಟು. ಸುಕ್ಕುಗಳು, ಚರ್ಮದ ರಂಧ್ರಗಳು, ಕಿವಿಯ ಮಡಿಕೆಗಳು ಎಲ್ಲದರೊಳಗೂ ಆ ಅಂಟು ನುಗ್ಗಿ ಕೂತಿತ್ತು. ಒರೆಸಲು ಹೋದರೆ ಮೂಗೇ ಕೈಗೆ ಬಂತು. ಕೊನೆಗೆ ಇಡೀ ತಲೆಯನ್ನು ಕಸದ ಚೀಲಕ್ಕೆ ಹಾಕಿದೆ. ಒಂದು ವಾರ ಆ ಮೇಜಿನ ಹತ್ತಿರ ಹೋಗಲಿಲ್ಲ.

ಕಾರಣ ಏನು ಗೊತ್ತಾ? ಗಂಧಕ. ಬಹಳಷ್ಟು ಅಗ್ಗದ ಎಣ್ಣೆಜೇಡಿಗಳಲ್ಲಿ ಗಂಧಕ ಇರುತ್ತದೆ. ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗುವುದು ಅದರೊಳಗಿನ ಚೂರುಪಾರು ಪ್ಲಾಟಿನಂ ವೇಗವರ್ಧಕದಿಂದ. ಗಂಧಕ ತಾಗಿದರೆ ಆ ವೇಗವರ್ಧಕ ನಿಷ್ಕ್ರಿಯವಾಗಿಬಿಡುತ್ತದೆ. ಲೇಟೆಕ್ಸ್ ಕೈಗವಸು ಹಾಕಿಕೊಂಡು ಮುಟ್ಟಿದರೂ ಇದೇ ಗತಿಯಾಗಬಹುದು. ಗಂಧಕವಿಲ್ಲದ ಜೇಡಿ ಬೇರೆಯೇ ಸಿಗುತ್ತದೆ. ಎಫೆಕ್ಟ್ಸ್ ಕಲಾವಿದರು ಬಳಸುವ ಶವಾಂಟ್ ಕಂಪನಿಯ ಎನ್‌ಎಸ್‌ಪಿ ಜೇಡಿಯ ಹೆಸರಿನಲ್ಲೇ ಆ ವಿಷಯ ಇದೆ, ಅದರ ಮೊದಲೆರಡು ಅಕ್ಷರ 'ಗಂಧಕ ಸೇರಿಸದ್ದು' ಅಂತ ಹೇಳುತ್ತವೆ. ಮಾನ್‌ಸ್ಟರ್ ಕ್ಲೇ ಕೂಡ ಅಂಥದ್ದೇ. ಅಷ್ಟು ದುಡ್ಡು ಬೇಡ ಅಂದರೆ, ನಿಮ್ಮ ಜೇಡಿಯ ಒಂದು ಗೋಲಿ ಗಾತ್ರದ ಉಂಡೆಯ ಮೇಲೆ ಒಂದು ಚಮಚ ಸಿಲಿಕೋನ್ ಹಾಕಿ ಮರುದಿನ ನೋಡಿದರೆ ಸಾಕು. ಗೊತ್ತಾಗಿಬಿಡುತ್ತದೆ.

ಇಷ್ಟೇ. ಒಂದು ಚಮಚದ ವಿಷಯ. ಹೇಳಲು ಹತ್ತು ಸೆಕೆಂಡು ಬೇಕಾಗಿತ್ತು.

ಸಿಲಿಕೋನ್ ಜತೆ ಬಂದಿದ್ದ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇದೆಲ್ಲ ಬರೆದಿತ್ತು ಅಂತ ಆಮೇಲೆ ನೋಡಿದೆ. ಆದ್ದರಿಂದ ತಪ್ಪು ನನ್ನದೇ, ಇರಲಿ. ದಿನಾ ಆಫೀಸಿನಲ್ಲಿ "ಡಾಕ್ಯುಮೆಂಟೇಶನ್ ಓದ್ರಪ್ಪಾ" ಅಂತ ಜೂನಿಯರ್‌ಗಳಿಗೆ ಹೇಳುವವನು ನಾನೇ :( ಆದರೂ ಆ ನಗು ಮಾತ್ರ ಇವತ್ತಿಗೂ ಮರೆತಿಲ್ಲ. ಅವರಿಗೆ ಗೊತ್ತಿತ್ತು. ಜೇಡಿಯ ಹೆಸರು ಕೇಳಿದಾಗಲೇ ಗೊತ್ತಾಗಿತ್ತು.

*

ಈಗ ಇನ್ನೊಬ್ಬರ ಕಥೆ ಹೇಳ್ತೀನಿ. ಡಿಕ್ ಸ್ಮಿತ್ ಅಂತ, ಅಮೆರಿಕದವರು, 1922ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡರು. 'ದಿ ಎಕ್ಸಾರ್ಸಿಸ್ಟ್' (1973) ನೋಡಿದವರಿಗೆ ಆ ಹುಡುಗಿಯ ಮುಖ ನೆನಪಿರುತ್ತದೆ, ಅದು ಇವರ ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಅದೇ ಚಿತ್ರದ ಮುದಿ ಪಾದ್ರಿಯದು. ಆ ಪಾತ್ರ ಮಾಡಿದ ಮ್ಯಾಕ್ಸ್ ವಾನ್ ಸಿಡೋ ಆಗಿನ್ನೂ ನಲವತ್ತರ ಆಸುಪಾಸಿನವರು. ಮೇಕಪ್ ಇದೆ ಅಂತ ಯಾರಿಗೂ ಅನುಮಾನವೇ ಬರುವುದಿಲ್ಲ. 'ಲಿಟಲ್ ಬಿಗ್ ಮ್ಯಾನ್' (1970) ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್‌ರನ್ನು 121 ವರ್ಷದ ಮುದುಕನನ್ನಾಗಿ ಮಾಡಿದ್ದೂ ಇವರೇ. ಮುಖಕ್ಕೆ ಒಂದೇ ದೊಡ್ಡ ಮುಖವಾಡ ಹಾಕುವ ಬದಲು, ಹಣೆಗೊಂದು, ಕೆನ್ನೆಗೊಂದು, ರೆಪ್ಪೆಗೊಂದು ಅಂತ ತೆಳುವಾದ ಫೋಮ್ ತುಂಡುಗಳನ್ನು ಮಾಡಿ, ಒಂದರ ಅಂಚಿನ ಮೇಲೆ ಇನ್ನೊಂದು ಕೂರುವ ಹಾಗೆ ಅಂಟಿಸುವ ವಿಧಾನವನ್ನು ಅವರು ಬೆಳೆಸಿದರು. ನಟ ನಕ್ಕರೆ ಸುಕ್ಕೂ ನಗಬೇಕು, ಅದು ಉದ್ದೇಶ. ಇವತ್ತಿಗೂ ಪ್ರಾಸ್ಥೆಟಿಕ್ ಮೇಕಪ್ ಬಹುಪಾಲು ಅದೇ ದಾರಿಯಲ್ಲಿ ನಡೆಯುತ್ತಿದೆ.

ಅವರು ಟಿವಿಯಲ್ಲಿ ಕೆಲಸಕ್ಕೆ ಸೇರಿದ್ದು 1945ರಲ್ಲಿ. ಆ ಕಾಲದ ಮೇಕಪ್ ಲೋಕ ಗುಟ್ಟಿನ ಲೋಕ. ಯಾವ ಅಂಟು, ಯಾವ ರಬ್ಬರು, ಎಷ್ಟು ಡಿಗ್ರಿ ಬಿಸಿ, ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಸ್ಮಿತ್ ಹೆಚ್ಚುಕಡಿಮೆ ತಾವೇ ಒದ್ದಾಡಿ ಕಲಿತರು. ಹಾಗೆ ಕಲಿತ ಮನುಷ್ಯ "ನಾನು ಪಟ್ಟ ಕಷ್ಟ ನೀವೂ ಪಡಿ" ಅನ್ನಬಹುದಿತ್ತು. ಅವರು ಮಾಡಿದ್ದು ಬೇರೆ. 1965ರಲ್ಲಿ ಮಕ್ಕಳು ಮನೆಯಲ್ಲೇ ದೆವ್ವದ ಮೇಕಪ್ ಮಾಡಿಕೊಳ್ಳುವುದು ಹೇಗೆ ಅಂತ ಒಂದು ಕೈಪಿಡಿ ಬರೆದರು. ಅಡುಗೆಮನೆಯ ಸಾಮಾನಿನಲ್ಲೇ ಆಗುವಂಥ ಉಪಾಯಗಳಿಂದ ಹಿಡಿದು ಪ್ಲಾಸ್ಟರ್ ಅಚ್ಚಿನವರೆಗೆ ಅದರಲ್ಲಿದೆ. ಪತ್ರ ಬರೆದ ಹುಡುಗರಿಗೆಲ್ಲ ಉತ್ತರ ಬರೆದರು. ಹಾಗೆ ಪತ್ರ ಬರೆದವರಲ್ಲಿ ಒಬ್ಬ ರಿಕ್ ಬೇಕರ್ ಎಂಬ ಹುಡುಗ. ಸ್ಮಿತ್ ಅವನನ್ನು ಮನೆಗೇ ಕರೆದರು, ತಮ್ಮ ನೋಟ್ಸು, ಅಚ್ಚು ಎಲ್ಲ ತೋರಿಸಿದರು, ಆಮೇಲೆ 'ಎಕ್ಸಾರ್ಸಿಸ್ಟ್'ನಲ್ಲಿ ಸಹಾಯಕನನ್ನಾಗಿ ಮಾಡಿಕೊಂಡರು. ಮುಂದೆ ಆಸ್ಕರ್‌ನವರು ಮೇಕಪ್ಪಿಗೆಂದೇ ವಾರ್ಷಿಕ ಪ್ರಶಸ್ತಿ ಶುರುಮಾಡಿದಾಗ, 1981ರ ಚಿತ್ರಗಳಿಗೆ ಕೊಟ್ಟ ಮೊಟ್ಟಮೊದಲ ಪ್ರಶಸ್ತಿ ಹೋಗಿದ್ದು ಈ ಬೇಕರ್‌ಗೆ, 'ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' ಚಿತ್ರಕ್ಕೆ. ಅವರಿಗೆ ಒಟ್ಟು 7 ಆಸ್ಕರ್ ಬಂತು.

ಗುರುವಿಗೆ? 'ಅಮೇಡಿಯಸ್' (1984) ಚಿತ್ರಕ್ಕೆ ಒಂದು, 2011ರಲ್ಲಿ ಗೌರವ ಆಸ್ಕರ್ ಒಂದು. ಲೆಕ್ಕ ಹಾಕಿದರೆ ಶಿಷ್ಯನೇ ಮುಂದೆ. ಆದರೆ ಇವತ್ತು ಡಿಕ್ ಸ್ಮಿತ್ ಹೆಸರು ಹೇಳಿದರೆ ಆ ವೃತ್ತಿಯವರು ಕಿವಿ ಮುಟ್ಟಿಕೊಳ್ಳುತ್ತಾರೆ. ಕಲಿಸಿದ್ದರಿಂದ ಅವರಿಗೆ ಕೆಲಸವೂ ಕಡಿಮೆಯಾಗಲಿಲ್ಲ, ಮರ್ಯಾದೆಯೂ ಕಡಿಮೆಯಾಗಲಿಲ್ಲ.

ನಿರ್ದೇಶಕ ಜೆ.ಜೆ. ಏಬ್ರಮ್ಸ್ ಹುಡುಗನಾಗಿದ್ದಾಗ ಇವರಿಗೆ ಅಭಿಮಾನದ ಪತ್ರ ಬರೆದಿದ್ದನಂತೆ. ಉತ್ತರವಾಗಿ ಅಂಚೆಯಲ್ಲಿ ಒಂದು ಡಬ್ಬಿ ಬಂತು. ಒಳಗೆ 'ಎಕ್ಸಾರ್ಸಿಸ್ಟ್' ಚಿತ್ರದ ಒಂದು ಕೃತಕ ನಾಲಗೆ, ಜತೆಗೆ ಅಂಟಿಸಿಕೊಳ್ಳಲು ಕಡಲೆಕಾಯಿ ಬೆಣ್ಣೆ ಬಳಸು ಅನ್ನೋ ಸಲಹೆ! ಇದನ್ನು ಏಬ್ರಮ್ಸ್ 2007ರ ಒಂದು ಭಾಷಣದಲ್ಲಿ ಹೇಳಿಕೊಂಡು ನಕ್ಕಿದ್ದಾರೆ. ಅಂಚೆಯಲ್ಲಿ ನಾಲಗೆ ಬಂದರೆ ನಮ್ಮಮ್ಮನಾದರೆ ನೇರ ಪೊಲೀಸ್ ಸ್ಟೇಷನ್ನಿಗೇ ಹೋಗುತ್ತಿದ್ದರು.

ನಮ್ಮಲ್ಲಿ ಏನಾಯ್ತು ನೋಡಿ. 'ಪಾ' (2009) ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಮುಖವನ್ನು ಬದಲಿಸಿದ ಕ್ರಿಶ್ಚಿಯನ್ ಟಿನ್ಸ್‌ಲಿ ಮತ್ತು ಡಾಮಿನಿ ಟಿಲ್ ಇಬ್ಬರೂ ಹೊರದೇಶದವರು. ಚೆನ್ನಾಗಿ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು, ಸಂತೋಷ. ಮಣ್ಣಿನಲ್ಲಿ ದೇವರನ್ನು ಮಾಡುವ ಕೈಗಳು ಬೀದಿಬೀದಿಯಲ್ಲಿರುವ ದೇಶಕ್ಕೆ ಇದನ್ನು ಮಾಡಲು ಜನ ಹೊರಗಿನಿಂದ ಬರಬೇಕಾಯ್ತು ಅನ್ನೋದೇ ನನಗೆ ಚುಚ್ಚುವುದು. ಕೈಚಳಕದ ಕೊರತೆ ಖಂಡಿತ ಅಲ್ಲ. ಒಬ್ಬರು ಕಲಿತದ್ದು ಇನ್ನೊಬ್ಬರಿಗೆ ದಾಟಲಿಲ್ಲ ಅಂತ ನನ್ನ ಅನಿಸಿಕೆ.

*

ಸರಿ, ಬರೀ ಭಾಷಣ ಬಿಗಿದರೆ ನಾನೂ ಆ ನಕ್ಕ ಮಹಾಶಯರ ಸಾಲಿಗೇ ಸೇರ್ತೀನಿ. ಎರಡನೆಯ ಗಾಬ್ಲಿನ್ ಮಾಡುವಾಗ ಕಲಿತದ್ದನ್ನೆಲ್ಲ ಇಲ್ಲಿ ಬಿಚ್ಚಿಡ್ತೀನಿ. ಬೇಕಾದವರು ತಗೊಳ್ಳಿ.

ಒಳಗಿನ ಅಸ್ಥಿಪಂಜರ: ದಪ್ಪ ಪ್ಲೈವುಡ್ ಹಲಗೆಗೆ ಒಂದು ಫ್ಲ್ಯಾಂಜ್ ತಿರುಪು ಹಾಕಿ ಕೂರಿಸಿ, ಅದಕ್ಕೆ ನಲ್ಲಿಯ ಕಬ್ಬಿಣದ ಪೈಪು ನೆಟ್ಟರೆ ಕತ್ತು ಸಿದ್ಧ. ತಲೆಯ ಜಾಗದಲ್ಲಿ ಅಲ್ಯುಮಿನಿಯಂ ತಂತಿಯ ಗೂಡು, ಅದರೊಳಗೆ ಥರ್ಮೋಕೋಲ್ ಅಥವಾ ಫಾಯಿಲ್ ಉಂಡೆ. ಇಲ್ಲಿ ಕಂಜೂಸುತನ ಮಾಡಬೇಡಿ. ಜೇಡಿಯ ಭಾರಕ್ಕೆ ತಲೆ ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಹೋಗುತ್ತದೆ. ನನ್ನ ಮೊದಲ ಗಾಬ್ಲಿನ್ ಎರಡನೇ ವಾರಕ್ಕೇ ಮೀಟಿಂಗಿನಲ್ಲಿ ತೂಕಡಿಸುವ ಮ್ಯಾನೇಜರ್ ಥರ ಆಗಿತ್ತು.

ಈ ವಿಷಯದಲ್ಲಿ ನನಗೆ ಬುದ್ಧಿ ಹೇಳಿದವರು ಬೆಂಗಳೂರಿನ ಪಾಟರಿ ಟೌನಿನ ಹಿರಿಯರೊಬ್ಬರು, ಗಣೇಶ ಮಾಡುವವರು. ಎಣ್ಣೆಜೇಡಿ ದುಬಾರಿಯಾಯ್ತು, ಸಾದಾ ಮಣ್ಣಿನಲ್ಲೇ ಮಾಡಿದರೆ ಹೇಗೆ ಅಂತ ಕೇಳಲು ಹೋಗಿದ್ದೆ. "ಮಣ್ಣು ಒಣಗ್ತಾ ಕುಗ್ಗುತ್ತೆ ಸಾರ್, ಒಳಗಿರೋ ಕಬ್ಬಿಣ ಕುಗ್ಗಲ್ಲ. ಅದಕ್ಕೇ ಸೀಳು ಬಿಡೋದು. ಹುಲ್ಲು ಸುತ್ತಿ, ಅದು ಅದುಮಿಸ್ಕೊಳ್ಳುತ್ತೆ" ಅಂದರು. ಕೇಳಿದ್ದು ಒಂದೇ ಪ್ರಶ್ನೆ. ಅರ್ಧ ಗಂಟೆ ನಿಂತು, ಕೆಲಸ ಮಾಡುತ್ತಲೇ ಎಲ್ಲ ವಿವರಿಸಿದರು. ನನ್ನಿಂದ ಅವರಿಗೆ ಒಂದು ಟೀ ಬಿಟ್ಟು ಬೇರೇನೂ ಸಿಗಲಿಲ್ಲ.

ಮೊದಲು ದೊಡ್ಡದು, ಆಮೇಲೆ ಚಿಕ್ಕದು: ಹೊಸಬರು ಮಾಡುವ ಮೊದಲ ತಪ್ಪು ಅಂದರೆ ಒಂದು ಕಣ್ಣು ಹಿಡಿದು ಕೂತು, ರೆಪ್ಪೆ, ಸುಕ್ಕು, ರಂಧ್ರ ಎಲ್ಲ ಮುಗಿಸಿ, ಆಮೇಲೆ ನೋಡಿದರೆ ಆ ಕಣ್ಣು ಇರಬೇಕಾದ ಜಾಗದಲ್ಲೇ ಇಲ್ಲ! ಎಫೆಕ್ಟ್ಸ್ ಶಿಲ್ಪಿಗಳು ಮೂರು ಹಂತದಲ್ಲಿ ಯೋಚಿಸುತ್ತಾರೆ. ತಲೆಬುರುಡೆ, ದವಡೆ, ಕತ್ತು ಮೊದಲ ಹಂತ. ಮೂಗು, ಕೆನ್ನೆ, ಜೋಲುವ ಚರ್ಮದ ಮಡಿಕೆ ಎರಡನೆಯದು. ಸುಕ್ಕು, ರಂಧ್ರ, ನರುಳ್ಳೆ ಕೊನೆಯದು. ಮೊದಲ ಹಂತ ಮುಗಿದಾಗ ದೀಪ ಆರಿಸಿ, ಹಿಂದಿನಿಂದ ಟಾರ್ಚ್ ಹಿಡಿದು ಬರೀ ನೆರಳನ್ನು ನೋಡಿ. ನೆರಳಿನಲ್ಲೇ ಅದು ಗಾಬ್ಲಿನ್ ಅಂತ ಗುರುತು ಸಿಗದಿದ್ದರೆ ಎಷ್ಟು ಸುಕ್ಕು ಕೊರೆದರೂ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಝೀಬ್ರಶ್ ಬಳಸುವವರಿಗೂ ಇದೇ ಮಾತು. ಅದರಲ್ಲಿ ಕಡಿಮೆ ಸಬ್‌ಡಿವಿಷನ್ನಿನಲ್ಲಿ ಆಕಾರ ಸರಿಮಾಡಿಕೊಂಡು ಮೇಲಕ್ಕೆ ಹೋಗುವುದು ಯಾಕೆ ಅಂತ ನನಗೆ ಅರ್ಥವಾಗಿದ್ದು ಕೈಯಲ್ಲಿ ಜೇಡಿ ಹಿಡಿದ ಮೇಲೆ.

ಕಣ್ಣಗುಡ್ಡೆಗಳನ್ನು ಮಾತ್ರ ಮೊದಲೇ ಕೂರಿಸಿಬಿಡಿ. ಮರದ್ದೋ ಅಕ್ರಿಲಿಕ್ಕಿನದ್ದೋ, ಗಟ್ಟಿ ಗೋಲಿ ಇರಲಿ. ರೆಪ್ಪೆ ಅನ್ನೋದು ಗೋಲಿಯ ಮೇಲೆ ಹೊದ್ದಿಸಿದ ಬಟ್ಟೆಯ ಹಾಗೆ ಸುತ್ತಿಕೊಳ್ಳಬೇಕು. ಜೇಡಿಯಲ್ಲೇ ಕಣ್ಣು ಮಾಡಲು ಹೋದರೆ ಒತ್ತಿದಾಗೆಲ್ಲ ಕಣ್ಣು ಒಳಗೆ ಹೋಗುತ್ತದೆ.

ಇಲ್ಲದ್ದನ್ನು ಮಾಡಲು ಇರುವುದನ್ನು ನೋಡಿ: ಗಾಬ್ಲಿನ್ ಯಾರೂ ಕಂಡಿಲ್ಲ. ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ನೋಡುವವರ ಕಣ್ಣಿಗೆ ಮುಖಗಳ ಅಭ್ಯಾಸ ಇದೆ, ಮೋಸ ಹೋಗುವುದಿಲ್ಲ. ನನ್ನ ತಾತನಿಗೆ ಕೊನೆಯ ಹದಿನೈದು ವರ್ಷ ಒಂದೂ ಹಲ್ಲಿರಲಿಲ್ಲ, ಕಟ್ಟಿಸಿಕೊಳ್ಳಲೂ ಇಲ್ಲ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ದವಡೆಮೂಳೆ ಕ್ರಮೇಣ ಕರಗುತ್ತದೆ. ತುಟಿ ಒಳಕ್ಕೆ ಮಡಚಿಕೊಳ್ಳುತ್ತದೆ, ಗಲ್ಲ ಮೇಲಕ್ಕೂ ಮುಂದಕ್ಕೂ ಬಂದು ಮೂಗನ್ನು ಮುಟ್ಟಲು ಹೊರಟ ಹಾಗೆ ಕಾಣುತ್ತದೆ. ಎಲೆಅಡಿಕೆ ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಬಾಯಿಗೆ ಹಾಕಿಕೊಂಡಾಗ ತಾತನ ಮುಖ ಪೂರ್ತಿ ಅರ್ಧಕ್ಕೆ ಮಡಚುತ್ತಿತ್ತು. ಇನ್ನು ಕಿವಿ. ಕಡುಕು ಹಾಕಿ ಹಾಕಿ ಹಾಲೆ ಜೋತು ಬಿದ್ದಿತ್ತು. ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಆ ಬಾಯಿ, ಆ ಕಿವಿಯನ್ನೇ ಗಾಬ್ಲಿನ್‌ಗೆ ಕೊಟ್ಟೆ. ತಾತ ಇದ್ದಿದ್ದರೆ ಬೆತ್ತ ತಗೊಂಡು ಅಟ್ಟಿಸಿಕೊಂಡು ಬರುತ್ತಿದ್ದರೇನೋ.

ಸುಕ್ಕಿಗೂ ಒಂದು ಲೆಕ್ಕ ಇದೆ. ಚರ್ಮದ ಸುಕ್ಕು ಸಾಮಾನ್ಯವಾಗಿ ಅದರ ಕೆಳಗಿನ ಸ್ನಾಯುವಿನ ಎಳೆಗಳಿಗೆ ಅಡ್ಡವಾಗಿ ಬೀಳುತ್ತದೆ. ಹಣೆಯ ಸ್ನಾಯು ಮೇಲಿಂದ ಕೆಳಕ್ಕಿದೆ, ಅದಕ್ಕೇ ಹಣೆಯ ಗೆರೆ ಅಡ್ಡಡ್ಡ. ಕಣ್ಣಿನ ಸುತ್ತ ಸ್ನಾಯು ಬಳೆಯ ಹಾಗಿದೆ, ಅದಕ್ಕೇ ಕಣ್ಣಂಚಿನ ಗೆರೆಗಳು ಸೂರ್ಯನ ಕಿರಣದ ಹಾಗೆ ಹೊರಕ್ಕೆ ಹರಡುತ್ತವೆ. ಇದೊಂದು ಗೊತ್ತಿದ್ದರೆ ಯಾವ ವಿಚಿತ್ರ ಮುಖಕ್ಕೂ ಸುಕ್ಕು ಎಲ್ಲಿ ಹೇಗೆ ಅಂತ ನೀವೇ ಊಹಿಸಬಹುದು. ಇನ್ನೊಂದು ವಿಷಯ, ಎಡ ಬಲ ಒಂದೇ ಥರ ಮಾಡಬೇಡಿ. ಒಂದು ಹುಬ್ಬು ಸ್ವಲ್ಪ ಮೇಲಿರಲಿ, ಮೂಗು ಒಂಚೂರು ಸೊಟ್ಟಗಿರಲಿ. ನಮ್ಮೆಲ್ಲರ ಮುಖವೂ ಹಾಗೇ ಇರೋದು.

ಚರ್ಮ: ಇದು ನನಗೆ ಮಾಟ ಅನ್ನಿಸಿದ್ದ ಭಾಗ. ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಜೇಡಿಯ ಮೇಲೆ ಹರಡಿ, ಅದರ ಮೇಲಿಂದ ಮೊಂಡು ಕಡ್ಡಿಯಲ್ಲಿ ಒತ್ತಿದರೆ, ಕೊರೆದ ಗೆರೆಯ ಅಂಚು ಚೂಪಾಗದೆ ಮೆತ್ತಗೆ ಉರುಟಾಗುತ್ತದೆ. ಸುಕ್ಕು ಚಾಕುವಿನ ಗಾಯದ ಹಾಗೆ ಕಾಣದೆ ಸುಕ್ಕಿನ ಹಾಗೇ ಕಾಣುತ್ತದೆ. ರಂಧ್ರಗಳಿಗೆ ಕಿತ್ತಳೆ ಸಿಪ್ಪೆಯ ಮೇಲೆ ಸಿಲಿಕೋನ್ ಬಳಿದು ತೆಗೆದ ಚಿಕ್ಕ ಅಚ್ಚು ಸಾಕು. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬ್ರಶ್ಶಿನಿಂದ ಸವರಿದರೆ ಪುಡಿ ಚೂರುಗಳು ಹೋಗುತ್ತವೆ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ.

ಅಚ್ಚು: ಮೊದಲ ಪದರ ತೆಳ್ಳಗಿರಲಿ. ಬ್ರಶ್ಶಿನಲ್ಲಿ ಪ್ರತಿ ಮಡಿಕೆಗೂ ತುಂಬಿ, ಗುಳ್ಳೆ ಕಂಡಲ್ಲಿ ಊದಿ ಒಡೆಯಿರಿ. ಈ ಪದರದಲ್ಲಿ ಗುಳ್ಳೆ ಉಳಿದರೆ ಮೂರ್ತಿಯ ಮುಖದ ಮೇಲೆ ಮೊಡವೆ ಬರುತ್ತದೆ. ಮೇಲೆ ಮೂರ್ನಾಲ್ಕು ದಪ್ಪ ಪದರ. ಅದರ ಹೊರಗೆ ಪ್ಲಾಸ್ಟರ್ ಬ್ಯಾಂಡೇಜಿನ ಗಟ್ಟಿ ಚಿಪ್ಪು, ಎರಡು ಹೋಳಾಗಿ. ಮೊದಲ ಹೋಳಿನ ಅಂಚಿಗೆ ವ್ಯಾಸಲಿನ್ ಹಚ್ಚದೆ ಎರಡನೆಯದನ್ನು ಕಟ್ಟಿದರೆ ಆಮೇಲೆ ಸುತ್ತಿಗೆಯೇ ಗತಿ. ಹಚ್ಚಲು ಮರೆತವನ ಮಾತು ಇದು :) ಬೇಸಿಗೆಯಲ್ಲಿ ಸಿಲಿಕೋನ್ ಬೇಗ ಗಟ್ಟಿಯಾಗುತ್ತದೆ, ಡಬ್ಬಿಯ ಮೇಲೆ ಬರೆದ ಸಮಯವನ್ನು ಏಪ್ರಿಲ್ ಮಧ್ಯಾಹ್ನ ನಂಬಬೇಡಿ. ರೆಸಿನ್ನನ್ನು ಒಮ್ಮೆಲೇ ತುಂಬದೆ, ಸ್ವಲ್ಪ ಸ್ವಲ್ಪ ಹೊಯ್ದು ಅಚ್ಚನ್ನು ಎಲ್ಲಾ ಕಡೆ ತಿರುಗಿಸುತ್ತಾ ಹೋದರೆ ಒಳಗೆ ಪೊಳ್ಳಾದ, ಹಗುರವಾದ ಮೂರ್ತಿ ಬರುತ್ತದೆ. ಅದರ ಹಬೆ ಒಳ್ಳೆಯದಲ್ಲ, ಗಾಳಿಯಾಡುವ ಕಡೆ, ಸರಿಯಾದ ಮಾಸ್ಕ್ ಹಾಕಿಕೊಂಡೇ ಮಾಡಿ. ಉಜ್ಜುವಾಗ ಏಳುವ ಧೂಳಿಗೂ ಅದೇ ಮಾತು.

ಬಣ್ಣ: ಹಸಿರು ಡಬ್ಬಿ ತಂದು ಬಳಿದರೆ ಪ್ಲಾಸ್ಟಿಕ್ ಆಟಿಕೆ ಆಗುತ್ತದೆ. ನಿಜವಾದ ಚರ್ಮ ಅರೆಪಾರದರ್ಶಕ, ಒಳಗಿನ ರಕ್ತ ಹೊರಗೆ ಕಾಣುತ್ತದೆ. ಆದ್ದರಿಂದ ನೀರುನೀರಾದ ಬಣ್ಣವನ್ನು ಪದರ ಪದರವಾಗಿ ಹಚ್ಚಬೇಕು, ಹಳೆಯ ಬ್ರಶ್ಶಿನಿಂದ ಚಿಮುಕಿಸಬೇಕು. ಚಿತ್ರಕಾರರ ಹಳೆಯ ಲೆಕ್ಕವೊಂದಿದೆ: ಹಣೆ ಸ್ವಲ್ಪ ಹಳದಿ, ಮೂಗು ಕೆನ್ನೆ ಕಿವಿ ಸ್ವಲ್ಪ ಕೆಂಪು, ದವಡೆಯ ಭಾಗ ಸ್ವಲ್ಪ ನೀಲಿ. ಹಸಿರು ಗಾಬ್ಲಿನ್‌ಗೂ ಇದು ನಡೆಯುತ್ತದೆ. ಕಣ್ಣಿಗೆ, ತುಟಿಯ ಒಳಗೆ ಕಟ್ಟಕಡೆಗೆ ಹೊಳೆಯುವ ವಾರ್ನಿಶ್ ಒಂದು ಹನಿ. ಅಲ್ಲಿಯವರೆಗೆ ಹೆಣದ ಹಾಗಿದ್ದ ತಲೆ ಆ ಒಂದು ಹನಿಗೆ ತಿರುಗಿ ನೋಡುತ್ತದೆ.

ಇಷ್ಟು ನನ್ನ ಗಂಟು. ಬಿಚ್ಚಿಯಾಯ್ತು.

*

"ಎಲ್ಲ ಹೇಳಿಬಿಟ್ಟರೆ ಅದನ್ನೇ ನಂಬಿದವರ ಹೊಟ್ಟೆಪಾಡು ಏನಾಗಬೇಕು? ನಿನಗೆ ತಿಂಗಳ ಸಂಬಳ ಇದೆ, ಮಾತಾಡ್ತೀಯ" ಅಂತ ನನ್ನ ರೂಮ್‌ಮೇಟ್ ಕೇಳಿದ. ಸರಿಯಾದ ಪ್ರಶ್ನೆ. ಅದನ್ನು ತಳ್ಳಿಹಾಕುವ ಹಾಗಿಲ್ಲ.

ನಾನು ಇಲ್ಲಿ ಒಂದು ಗೆರೆ ಎಳೆಯುತ್ತೇನೆ. ಒಬ್ಬರು ಮಾಡಿದ ಮೂರ್ತಿಯಿಂದ ಕದ್ದು ಅಚ್ಚು ತೆಗೆದು, ನೂರು ಎರಕ ಹೊಯ್ದು ಮಾರುವುದು ಕಳ್ಳತನ. ಗಣೇಶ ಮಾಡುವವರಿಗೂ ಈ ಕಾಟ ತಪ್ಪಿದ್ದಲ್ಲ, ಸಿನಿಮಾ ಕಲಾವಿದರಿಗೂ ತಪ್ಪಿದ್ದಲ್ಲ. ಅಚ್ಚನ್ನು ಬೀಗ ಹಾಕಿ ಇಟ್ಟುಕೊಳ್ಳಲಿ, ನಾನು ಅವರ ಪರ. ಆದರೆ ಗಂಧಕ ತಾಗಿದರೆ ಸಿಲಿಕೋನ್ ಕೆಡುತ್ತದೆ ಅನ್ನೋದು ಯಾರೊಬ್ಬರ ಮೂರ್ತಿಯೂ ಅಲ್ಲ. ಅದು ನೀರು ಇಳಿಜಾರಿಗೆ ಹರಿಯುತ್ತೆ ಅನ್ನೋ ಥರದ ಸಂಗತಿ. ಅದನ್ನು ಬಚ್ಚಿಟ್ಟು ಯಾರೂ ಶಿಲ್ಪಿಯಾಗುವುದಿಲ್ಲ. ಪಾಟರಿ ಟೌನಿನ ಆ ಹಿರಿಯರು ನನಗೆ ಹುಲ್ಲಿನ ವಿಷಯ ಹೇಳಿದರು, ಸರಿ. ಅದರಿಂದ ನಾನು ಅವರಷ್ಟು ಚೆನ್ನಾಗಿ ಗಣೇಶ ಮಾಡಲು ಇನ್ನು ಹತ್ತು ಜನ್ಮ ಬೇಕು. ಅವರಿಗೆ ಅದು ಗೊತ್ತಿತ್ತು. ಅದಕ್ಕೇ ಅಷ್ಟು ನಿರಾಳವಾಗಿ ಹೇಳಿದರು ಅಂತ ಈಗ ಅನ್ನಿಸುತ್ತದೆ. ಸಿಡುಕಿ ಮುಚ್ಚಿಡುವುದು ಸಾಮಾನ್ಯವಾಗಿ ನನ್ನಂಥ ಅರೆಬೆಂದವರು.

ನನ್ನಂಥ ಅಂದೆನಲ್ಲ, ಅದು ಸುಮ್ಮನೆ ವಿನಯಕ್ಕೆ ಹೇಳಿದ್ದಲ್ಲ.

ಗಾಬ್ಲಿನ್ ಫೋಟೋ ಹಾಕಿದ ವಾರ, ಪಿಯುಸಿ ಓದುವ ಹುಡುಗನೊಬ್ಬನಿಂದ ಮೆಸೇಜ್ ಬಂತು. ಉತ್ತರ ಕರ್ನಾಟಕದ ಒಂದು ಚಿಕ್ಕ ಊರಿನವನು. "ಅಣ್ಣಾರ, ಯಾವ ಮಣ್ಣು ರೀ ಇದು? ನಾನೂ ಮಾಡ್ಬೇಕಂತೀನಿ" ಅಂತ. ಜತೆಗೆ ಕೆರೆಮಣ್ಣಿನಲ್ಲಿ ಮಾಡಿದ ಒಂದು ಮುಖದ ಫೋಟೋ. ಹಣೆಯಿಂದ ಗಲ್ಲದವರೆಗೆ ಸೀಳು ಬಿಟ್ಟಿತ್ತು, ಆದರೆ ಏನು ಚೆಂದದ ಮೂಗು ಅಂತೀರಿ! ನನ್ನ ಗಾಬ್ಲಿನ್ ಮೂಗಿಗಿಂತ ಎಷ್ಟೋ ಪಾಲು ಮೇಲು.

ನಾನು ಏನು ಮಾಡಿದೆ ಗೊತ್ತಾ? ಉತ್ತರ ಕೊಡಲಿಲ್ಲ. ಎರಡು ದಿನ ಸುಮ್ಮನಿದ್ದೆ. ಆಫೀಸಿನಲ್ಲಿ ರಿಲೀಸ್ ಇತ್ತು, ಬಿಡುವಿರಲಿಲ್ಲ ಅಂತೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಪರಿಚಯದವರೆಲ್ಲ ಫೋಟೋ ನೋಡಿ "ಅಬ್ಬಾ, ಇದನ್ನ ಹೇಗೆ ಮಾಡಿದೆ!" ಅಂತಿದ್ದರು. ಹೇಗೆ ಅಂತ ಬೇರೆಯವರಿಗೆ ಗೊತ್ತಿಲ್ಲದಿರುವುದು ನನಗೆ ಹಿತವಾಗಿತ್ತು. ಮೂರನೇ ದಿನ "ಅದು ಪ್ರ್ಯಾಕ್ಟೀಸ್‌ನಿಂದ ಬರುತ್ತೆ ತಮ್ಮಾ" ಅಂತ ಟೈಪ್ ಮಾಡಿದೆ. ಟೈಪ್ ಮಾಡಿದ ಮೇಲೆ ಅದನ್ನೇ ನೋಡುತ್ತಾ ಕೂತೆ. ಕಸದ ಚೀಲಕ್ಕೆ ಹೋದ ಮೊದಲ ಗಾಬ್ಲಿನ್ ನೆನಪಾಯ್ತು, ಆ ನಗುವೂ ನೆನಪಾಯ್ತು. ನಕ್ಕವರ ಜಾಗದಲ್ಲಿ ಈಗ ನಾನು ಕೂತಿದ್ದೆ. ಬರೀ ಎರಡು ವರ್ಷ ಸಾಕಾಗಿತ್ತು ಅದಕ್ಕೆ.

ಅಳಿಸಿದೆ. ಮಣ್ಣು ಯಾಕೆ ಸೀಳುತ್ತೆ, ಹುಲ್ಲು ಹೇಗೆ ಸುತ್ತಬೇಕು, ದುಡ್ಡಿಲ್ಲದಿದ್ದರೆ ಎಣ್ಣೆಜೇಡಿಯ ಬದಲು ಏನು ಮಾಡಬಹುದು, ಸಿಲಿಕೋನಿಗೆ ಹೋಗದೆ ಪ್ಲಾಸ್ಟರ್ ಅಚ್ಚಿನಲ್ಲೇ ಕಲಿಯುವುದು ಹೇಗೆ, ಎಲ್ಲ ಬರೆದೆ. ಬರೆಯುತ್ತಾ ಹೋದರೆ ಅದು ಉದ್ದವಾಯ್ತು. ಕನ್ನಡದಲ್ಲಿ ಬರೆಯುವಾಗ ಪದಗಳಿಗೆ ತಡಕಾಡಬೇಕಾಗುತ್ತೇನೋ ಅಂದುಕೊಂಡಿದ್ದೆ. ಅಚ್ಚು, ಎರಕ, ಚಿಪ್ಪು, ಅಂಚು, ಪದರ, ಎಲ್ಲ ಮೊದಲೇ ಇದ್ದವು. ಎರಕ ಹೊಯ್ಯೋದನ್ನು ನಮಗೆ ಯಾರೂ ಇಂಗ್ಲಿಷಿನಲ್ಲಿ ಕಲಿಸಿದ್ದಲ್ಲವಲ್ಲ. ಅವನಿಗೆ ಬರೆದ ಆ ಉತ್ತರವನ್ನೇ ಹಿಗ್ಗಿಸಿ ಈಗ ಇಲ್ಲಿ ಹಾಕಿದ್ದೇನೆ.

ಇದನ್ನು ಓದುತ್ತಿರುವ ಬ್ಲಾಗಿಗರಲ್ಲಿ ಬಹಳ ಜನಕ್ಕೆ ನನಗೆ ಗೊತ್ತಿಲ್ಲದ ಎಷ್ಟೋ ಕೆಲಸ ಗೊತ್ತಿದೆ. ಒಬ್ಬರು ಜೇನು ಸಾಕ್ತೀರಿ, ಒಬ್ಬರು ಹಳೆ ರೇಡಿಯೋ ರಿಪೇರಿ ಮಾಡ್ತೀರಿ, ಇನ್ನೊಬ್ಬರು ಯಕ್ಷಗಾನದ ಬಣ್ಣ ಬರೀತೀರಿ. ಕವನ, ಹರಟೆ ಎಲ್ಲ ಬರೀರಿ, ಬೇಡ ಅನ್ನಲ್ಲ. ಅದರ ಜತೆ ಆ ಕೆಲಸ ಹೇಗೆ ಮಾಡ್ತೀರಿ ಅನ್ನೋದನ್ನೂ ಒಂದು ಪೋಸ್ಟ್ ಬರೀರಿ. ಮುಖ್ಯವಾಗಿ ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಅನ್ನೋದನ್ನ ಬರೀರಿ. ಸರಿ ಬಂದದ್ದರ ಫೋಟೋ ಎಲ್ಲರೂ ಹಾಕ್ತಾರೆ.

ಹುಡುಗ ಮೊನ್ನೆ ಇನ್ನೊಂದು ಫೋಟೋ ಕಳಿಸಿದ್ದ. ಹುಲ್ಲು ಸುತ್ತಿ ಮಾಡಿದ ಹೊಸ ಮುಖ, ಮೀಸೆ ಹೊತ್ತ ಒಬ್ಬ ರಾಕ್ಷಸ. ಒಣಗಿದೆ, ಎಲ್ಲೂ ಸೀಳಿಲ್ಲ. ಕಿವಿ ಮಾತ್ರ ಸರಿ ಬಂದಿಲ್ಲ, ತೀರಾ ಮೇಲೆ ಕೂತಿದೆ. ಹುಬ್ಬಿನ ಮಟ್ಟದಿಂದ ಮೂಗಿನ ಬುಡದ ಮಟ್ಟದವರೆಗೆ ಕಿವಿ ಅಂತ ಹೇಳೋದು ಮರೆತಿದ್ದೆ.

ಹೇಳಿದ್ದೀನಿ ಈಗ.